ಹಳೆ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? ಮೊದಲು ಹಳೆ ಡಿಸ್ಕ್ ಬಿಚ್ಚಿ ಎತ್ತಿಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 2011ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಎರಡನೇ ತಲೆಮಾರಿನ ಇಂಟೆಲ್ ಕೋರ್ ಐ3, 4 ಜಿಬಿ ರ‍್ಯಾಮ್, 320 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ, ಆನ್ ಆಗೋಕೇ ತುಂಬಾ ಹೊತ್ತು ಬೇಕು. ಅಪ್‌ಡೇಟ್ ನಿಂತಿದೆ ಅಂತ ಸಂದೇಶ ಬರುತ್ತಿದೆ. ವಿಂಡೋಸ್ 11 ಇದಕ್ಕೆ ಹಾಕೋಕೆ ಆಗಲ್ಲ ಅಂತ ಅಂಗಡಿಯವರು ಹೇಳಿದರು. ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳಿಗೆ ಪಾಠ ನೋಡಲು, ಟೈಪ್ ಮಾಡಲು ಕಂಪ್ಯೂಟರ್ ಬೇಕು. ಅದರಲ್ಲಿ ನಮ್ಮ ತಂದೆಯವರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಬರಹಗಳು, ಮನೆಯ ಫೋಟೋಗಳು ಇವೆ. ಅವು ಹೋಗಬಾರದು. ಪದೇ ಪದೇ ಕೆಡದ ಲಿನಕ್ಸ್ ಯಾವುದು? ವಿಂಡೋಸ್ ಜೊತೆಯಲ್ಲೇ ಇಟ್ಟುಕೊಳ್ಳಬಹುದಾ?

ಉತ್ತರ: ಲಿನಕ್ಸ್ ಅಂದರೆ ವಿಂಡೋಸ್ ಜಾಗದಲ್ಲಿ ಕಂಪ್ಯೂಟರ್ ನಡೆಸುವ ಉಚಿತ ವ್ಯವಸ್ಥೆ, ಅದರಲ್ಲಿ ಹಲವು ಬಗೆಗಳಿವೆ. ನೀವು ಲಿನಕ್ಸ್ ಮಿಂಟ್ ಹಾಕಿ. 22ರ ಸರಣಿಯಲ್ಲಿ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಆದರೆ ಅದನ್ನು ಈಗಿರುವ ಡಿಸ್ಕ್‌ಗೆ ಹಾಕಬೇಡಿ. ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ತನ್ನಿ, ಹಳೆ ಡಿಸ್ಕ್ ಬಿಚ್ಚಿ ಎತ್ತಿಡಿ, ಹೊಸದಕ್ಕೆ ಲಿನಕ್ಸ್ ಹಾಕಿ. ನೀವು ಕೇಳಿದ ಮೂರೂ ಪ್ರಶ್ನೆಗೆ ಇದೇ ಒಂದು ಕೆಲಸ ಉತ್ತರ ಕೊಡುತ್ತದೆ. ಯಾಕೆ ಅಂತ ವಿವರವಾಗಿ ಹೇಳುತ್ತೇನೆ.

ಅಂಗಡಿಯವರು ಹೇಳಿದ್ದು ಸರಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮದು ಎರಡನೆಯದು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ. ಮಗಳ ಓದಿಗೆ ಬೇಕಾದ ಯಂತ್ರದ ಮೇಲೆ ಆ ಪ್ರಯೋಗ ಬೇಡ.

ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿರುವುದಕ್ಕೆ ದೊಡ್ಡ ಕಾರಣ ಪ್ರೊಸೆಸರ್ ಅಲ್ಲ, ಆ 320 ಜಿಬಿ ಹಾರ್ಡ್ ಡಿಸ್ಕ್. ಅದರೊಳಗೆ ತಟ್ಟೆ ತಿರುಗುತ್ತಿರುತ್ತದೆ, ಓದುವ ಸೂಜಿ ಅತ್ತಿತ್ತ ಓಡಾಡುತ್ತದೆ. ವಿಂಡೋಸ್ 10 ಹಿನ್ನೆಲೆಯಲ್ಲಿ ನೂರೆಂಟು ಫೈಲ್‌ಗಳನ್ನು ಒಟ್ಟಿಗೆ ಕೇಳಿದಾಗ ಸೂಜಿಗೆ ಬಿಡುವೇ ಇರುವುದಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾಗಾಗಿ ಹಳೆ ಕಂಪ್ಯೂಟರ್‌ಗೆ ಹಣ ಹಾಕುವುದಾದರೆ ಮೊದಲ ಹಣ ಎಸ್‌ಎಸ್‌ಡಿಗೆ. ಎರಡನೆಯದು ರ‍್ಯಾಮ್‌ಗೆ.

ಕೊಳ್ಳುವಾಗ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಅಂತ ಬಾಯಿಬಿಟ್ಟು ಹೇಳಿ. ಈಗ ಜಾಸ್ತಿ ಮಾರಾಟವಾಗುವ, ಚೂಯಿಂಗ್ ಗಮ್ ಪಟ್ಟಿಯ ಆಕಾರದ ಎಂ.2 ನಿಮ್ಮ ಲ್ಯಾಪ್‌ಟಾಪ್‌ಗೆ ಕೂರುವುದಿಲ್ಲ. 240 ಅಥವಾ 256 ಜಿಬಿ ಧಾರಾಳ ಸಾಕು. ರ‍್ಯಾಮ್ ಡಿಡಿಆರ್3 ಆಗಿರಬೇಕು, ಲ್ಯಾಪ್‌ಟಾಪ್ ಅಳತೆಯದು. ಡಿಡಿಆರ್4 ಆ ಸ್ಲಾಟ್‌ಗೆ ಇಳಿಯುವುದೇ ಇಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ, ಅಥವಾ ನಿಮ್ಮ ಊರಿನ ರಿಪೇರಿ ಅಂಗಡಿಗಳಲ್ಲಿ, ಬಳಸಿದ ಡಿಡಿಆರ್3 ರ‍್ಯಾಮ್ ಸಿಗುತ್ತದೆ. ಬಳಸಿದ ರ‍್ಯಾಮ್ ಕೊಂಡರೆ ತಪ್ಪಿಲ್ಲ, ಪರೀಕ್ಷೆ ಮಾಡಿ ನೋಡಬಹುದು. ಬಳಸಿದ ಎಸ್‌ಎಸ್‌ಡಿ ಮಾತ್ರ ಬೇಡ. ಹಳೆ ಡಿಸ್ಕ್ ಹಾಕಿಕೊಳ್ಳಲು ಒಂದು ಯುಎಸ್‌ಬಿ ಕೇಸ್ ಕೂಡ ಜೊತೆಗೇ ತನ್ನಿ.

ಡಿಸ್ಕ್ ಬಿಚ್ಚಿಡುವುದರಲ್ಲಿ ನೆಮ್ಮದಿ ಏನು ಅಂದರೆ, ಇನ್‌ಸ್ಟಾಲ್ ಮಾಡುವಾಗ ನಿಮ್ಮ ತಂದೆಯವರ ಬರಹಗಳಿರುವ ಡಿಸ್ಕ್ ಆ ಯಂತ್ರದಲ್ಲೇ ಇರುವುದಿಲ್ಲ. ಯಾವ ತಪ್ಪು ಬಟನ್ ಒತ್ತಿದರೂ ಅಳಿಸಲು ಅಲ್ಲಿ ಏನೂ ಇಲ್ಲ. ಲಿನಕ್ಸ್ ಹಿಡಿಸಲಿಲ್ಲವಾ, ಸ್ಕ್ರೂ ಬಿಚ್ಚಿ ಹಳೆ ಡಿಸ್ಕ್ ಮತ್ತೆ ಹಾಕಿ, ಎಲ್ಲ ಮೊದಲಿನಂತೆಯೇ ಇರುತ್ತದೆ. ವಿಂಡೋಸ್‌ನಲ್ಲೇ ಓಡುವ ಟ್ಯಾಲಿಯಂಥ ತಂತ್ರಾಂಶ ಅಪರೂಪಕ್ಕೆ ಬೇಕಾದರೂ ಇದೇ ದಾರಿ.

ಆದರೂ ಬ್ಯಾಕಪ್ ತಪ್ಪಿಸುವ ಹಾಗಿಲ್ಲ. ಇಷ್ಟು ವಯಸ್ಸಾದ ಡಿಸ್ಕ್ ಮೇಜಿನ ಮೇಲಿಂದ ಒಮ್ಮೆ ಬಿದ್ದರೆ ಮುಗಿಯಿತು. ಬಿಚ್ಚುವ ಮೊದಲೇ ಎಲ್ಲವನ್ನೂ ಎರಡು ಕಡೆ ನಕಲು ಮಾಡಿ. ಆಮೇಲೆ ಆ ನಕಲನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ಫೋಲ್ಡರ್ ಕಾಣಿಸಿತು ಅಂತ ಬಿಟ್ಟುಬಿಡಬೇಡಿ, ನಾಲ್ಕಾರು ಫೋಟೋ, ನಾಲ್ಕಾರು ಬರಹ ನಿಜವಾಗಿ ತೆರೆಯಿರಿ. ಜನ ಮರೆಯುವುದು ಸಾಮಾನ್ಯವಾಗಿ ಇವನ್ನು: ಡೆಸ್ಕ್‌ಟಾಪ್ ಮೇಲಿನ ಫೈಲ್‌ಗಳು, ಡೌನ್‌ಲೋಡ್ ಫೋಲ್ಡರ್, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಡಿ ಡ್ರೈವ್‌ನ ಮೂಲೆಯಲ್ಲಿರುವ ಯಾವುದೋ ಹಳೆ ಫೋಲ್ಡರ್. ನಿಮ್ಮ ವಿಷಯದಲ್ಲಿ ಇನ್ನೊಂದಿದೆ, ನುಡಿಯ ಫಾಂಟ್ ಫೈಲ್‌ಗಳು. ವಿಂಡೋಸ್ ಫೋಲ್ಡರ್ ಒಳಗಿನ ಫಾಂಟ್ಸ್ ಫೋಲ್ಡರ್‌ನಿಂದ ಅವನ್ನೂ ನಕಲು ಮಾಡಿಕೊಳ್ಳಿ. ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಇನ್ನು ಯಾವ ಲಿನಕ್ಸ್ ಅನ್ನುವ ಮಾತು. "ತೀರಾ ಹಗುರವಾದದ್ದು ಯಾವುದು" ಅಂತಲೇ ಎಲ್ಲರೂ ಹುಡುಕುತ್ತಾರೆ. ಆ ಹುಡುಕಾಟಕ್ಕೆ ಅಷ್ಟು ಬೆಲೆಯಿಲ್ಲ. ಒಂದು ಡೆಸ್ಕ್‌ಟಾಪ್‌ಗೂ ಇನ್ನೊಂದಕ್ಕೂ ರ‍್ಯಾಮ್ ಬಳಕೆಯಲ್ಲಿ ಕೆಲವು ನೂರು ಎಂಬಿ ವ್ಯತ್ಯಾಸ ಇರಬಹುದು. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆರೆದರೆ ಅದರ ಎಷ್ಟೋ ಪಟ್ಟು ಅಲ್ಲೇ ಹೋಗುತ್ತದೆ. ಹೆಸರೇ ಕೇಳದ, ಒಬ್ಬಿಬ್ಬರು ಬಿಡುವಿನಲ್ಲಿ ನಡೆಸುವ ಪುಟ್ಟ ಲಿನಕ್ಸ್ ಹಾಕಿ ನೂರು ಎಂಬಿ ಉಳಿಸುವುದಕ್ಕಿಂತ, ವರ್ಷಗಟ್ಟಲೆ ಭದ್ರತಾ ಅಪ್‌ಡೇಟ್ ಬರುವ ದೊಡ್ಡ ಮನೆಯದನ್ನು ಹಾಕುವುದು ಜಾಣತನ.

ಪದೇ ಪದೇ ಕೆಡಬಾರದು ಅಂದಿರಿ. ಅದಕ್ಕೆ ಬೇಕಾದ್ದು ಬದಲಾವಣೆ ಕಡಿಮೆ ಇರುವ ವ್ಯವಸ್ಥೆ. ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್‌ನ ಕ್ರಮ ಇದಕ್ಕೆ ಒಳ್ಳೆ ಉದಾಹರಣೆ. ಒಂದು ಆವೃತ್ತಿ ಬಿಡುಗಡೆ ಆದ ಮೇಲೆ ಅದರೊಳಗಿನ ತಂತ್ರಾಂಶಗಳ ಆವೃತ್ತಿಯನ್ನು ಹಾಗೇ ನಿಲ್ಲಿಸುತ್ತಾರೆ. ಆಮೇಲೆ ಬರುವುದು ಹೆಚ್ಚಾಗಿ ಭದ್ರತೆಯ ತೇಪೆ, ದೊಡ್ಡ ದೋಷಗಳ ತಿದ್ದುಪಡಿ ಅಷ್ಟೇ. ಡೆಬಿಯನ್ 13 ಬಂದದ್ದು 2025ರ ಆಗಸ್ಟ್ 9ರಂದು. ಮೂರು ವರ್ಷ ಪೂರ್ತಿ ಬೆಂಬಲ, ಮೇಲೆ ಇನ್ನೆರಡು ವರ್ಷ ದೀರ್ಘಾವಧಿ ಬೆಂಬಲ. ಮಿಂಟ್ 22 ನಿಂತಿರುವುದು ಉಬುಂಟು ಅನ್ನುವ ಲಿನಕ್ಸ್‌ನ 24.04 ಆವೃತ್ತಿಯ ಮೇಲೆ, ಅದಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಎರಡೂ ಗಟ್ಟಿ. ನಿಮಗೆ ಮಿಂಟ್ ಹೇಳಿದ್ದು ಯಾಕೆಂದರೆ ಡ್ರೈವರ್, ಅಪ್‌ಡೇಟ್, ಬ್ಯಾಕಪ್ ಎಲ್ಲಕ್ಕೂ ಕಣ್ಣಿಗೆ ಕಾಣುವ ಬಟನ್‌ಗಳಿವೆ. ವಿಂಡೋಸ್‌ನಿಂದ ಬಂದವರಿಗೆ ಮೊದಲ ದಿನವೇ ಕೈ ಕೂರುತ್ತದೆ. ಮಿಂಟ್‌ಗೆ ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. ನಿಮ್ಮಲ್ಲಿ ಅಷ್ಟಿದೆ. 8 ಮಾಡಿಕೊಂಡರೆ ಮಗಳಿಗೆ ಇನ್ನೂ ಆರಾಮ. ಆರ್ಚ್‌ನಂತೆ ದಿನಾ ಹೊಸದಾಗುತ್ತಲೇ ಇರುವ ಲಿನಕ್ಸ್‌ಗಳು ಒಳ್ಳೆಯವೇ, ಆದರೆ ಕೆಟ್ಟಾಗ ತಾನೇ ಸರಿ ಮಾಡಿಕೊಳ್ಳುವವರಿಗೆ. ನಿಮ್ಮ ಮನೆಗೆ ಬೇಡ.

ಇದನ್ನು ಓದುವ ಬೇರೆಯವರ ಬಳಿ ಇನ್ನೂ ಹಳೆಯದು, 2008ರ ಸುಮಾರಿನ ಆಟಮ್ ನೆಟ್‌ಬುಕ್‌ನಂಥದ್ದು ಇರಬಹುದು. ಅವುಗಳಲ್ಲಿ ಹಲವು 32 ಬಿಟ್‌ನವು, ಅಂದರೆ ಹಳೆ ಬಗೆಯ ಪ್ರೊಸೆಸರ್‌ನವು. ಅವಕ್ಕೆ ದಾರಿ ಮುಚ್ಚುತ್ತಾ ಬಂದಿದೆ. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ. ಲಿನಕ್ಸ್‌ನ 32 ಬಿಟ್ ಫೈರ್‌ಫಾಕ್ಸ್ 144ನೇ ಆವೃತ್ತಿಗೆ ನಿಂತಿತು. ಡೆಬಿಯನ್ 12ರ ಮೇಲೆ ನಿಂತಿರುವ ಆಂಟಿಎಕ್ಸ್ 23 ಅವುಗಳಲ್ಲಿ ಓಡುತ್ತದೆ. ಟೈಪಿಂಗ್‌ಗೆ, ಹಾಡು ಕೇಳಲು ಬಳಸಿ. ಬ್ಯಾಂಕ್ ಕೆಲಸಕ್ಕೆ ಮಾತ್ರ ಬಳಸಬೇಡಿ. ನಿಮ್ಮ ಐ3 64 ಬಿಟ್‌ನದು, ಈ ಚಿಂತೆ ಇಲ್ಲ.

ಮಿಂಟ್‌ನ ಐಎಸ್ಒ ಫೈಲ್ (ಇನ್‌ಸ್ಟಾಲ್ ಮಾಡಲು ಬೇಕಾದುದೆಲ್ಲ ಇರುವ ಒಂದೇ ಫೈಲ್) ಸುಮಾರು 3 ಜಿಬಿ ಇರುತ್ತದೆ. ಅವರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಅದರ ಎಸ್‌ಎಚ್‌ಎ256 ಮೊತ್ತ, ಅಂದರೆ ಫೈಲ್‌ನ ಬೆರಳಚ್ಚಿನಂಥ ಗುರುತು, ಹೋಲಿಸಿ ನೋಡಿ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲ್ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಆಯ್ಕೆ ಸಿಗುತ್ತದೆ. ಬರುವ ಉದ್ದನೆಯ ಅಕ್ಷರಸಾಲು ತಾಣದಲ್ಲಿರುವುದಕ್ಕೆ ಪೂರ್ತಿ ಹೊಂದಬೇಕು. ಇದು ಸುಮ್ನೆ ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. 2016ರ ಫೆಬ್ರುವರಿ 20ರಂದು ಮಿಂಟ್‌ನ ತಾಣಕ್ಕೇ ಕನ್ನ ಹಾಕಿದ್ದರು. ಡೌನ್‌ಲೋಡ್ ಕೊಂಡಿ ಬದಲಿಸಿ, ಕಳ್ಳಬಾಗಿಲಿದ್ದ ಐಎಸ್ಒ ಕಡೆಗೆ ಜನರನ್ನು ಕಳಿಸಿದ್ದರು. ತಾಣವೇ ಕಳ್ಳರ ಕೈಗೆ ಹೋದರೆ ಅಲ್ಲಿ ಬರೆದಿರುವ ಮೊತ್ತವನ್ನೂ ಬದಲಿಸಬಹುದು ಅಲ್ವಾ? ಅದಕ್ಕಾಗಿಯೇ ಆ ಮೊತ್ತದ ಫೈಲ್‌ಗೆ ಜಿಪಿಜಿ ಸಹಿ, ಅಂದರೆ ಫೈಲ್ ಮಿಂಟ್‌ನವರದ್ದೇ ಅಂತ ತೋರಿಸುವ ಡಿಜಿಟಲ್ ಸಹಿ, ಇರುತ್ತದೆ. ಸಹಿ ಪರಿಶೀಲಿಸುವ ಕ್ರಮ ಅವರ ಕೈಪಿಡಿಯಲ್ಲಿದೆ. ಸ್ವಲ್ಪ ತಾಳ್ಮೆ ಬೇಕು, ಆದರೆ ಮಾಡುವುದು ಒಳ್ಳೆಯದು.

8 ಜಿಬಿ ಪೆನ್ ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ತೆಗೆದುಕೊಳ್ಳಿ. ವಿಂಡೋಸ್‌ನಲ್ಲಿ ರೂಫಸ್ ಅಥವಾ ಎಚರ್ ತಂತ್ರಾಂಶ ಬಳಸಿ ಐಎಸ್ಒ ಬರೆಯಿರಿ. ಸುಮ್ನೆ ಕಾಪಿ ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. 2011ರ ಯಂತ್ರಗಳಲ್ಲಿ ಹೆಚ್ಚಿನವು ಹಳೆ ಬಗೆಯ ಬಯಾಸ್‌ನವು (ಆನ್ ಮಾಡಿದಾಗ ಮೊದಲು ಓಡುವ, ಯಂತ್ರದೊಳಗಿನ ತಂತ್ರಾಂಶ). ರೂಫಸ್‌ನಲ್ಲಿ ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಬಗೆ ಕೇಳಿದರೆ ಎಂಬಿಆರ್ ಅನ್ನುವ ಹಳೆ ಬಗೆ ಆರಿಸಿ. ಪೆನ್ ಡ್ರೈವ್‌ನಿಂದ ಬೂಟ್ ಮಾಡಲು ಆನ್ ಮಾಡಿದ ಕೂಡಲೇ ಒಂದು ಕೀ ಒತ್ತಬೇಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಪೆನ್ ಡ್ರೈವ್‌ನಿಂದ ಮಿಂಟ್ ಮೇಲೆದ್ದಾಗ ಅದು ಡಿಸ್ಕ್‌ಗೆ ಏನನ್ನೂ ಬರೆದಿರುವುದಿಲ್ಲ. ಇದಕ್ಕೆ ಲೈವ್ ಅಂತಾರೆ. ಇಲ್ಲಿ ಆತುರ ಬೇಡ. ಅರ್ಧ ಗಂಟೆ ಕೂತು ಒಂದೊಂದೇ ನೋಡಿ. ವೈಫೈ ಹಿಡಿಯುತ್ತಾ? ಸೌಂಡ್ ಬರುತ್ತಾ? ಕ್ಯಾಮೆರಾ, ಟಚ್‌ಪ್ಯಾಡ್, ಬೆಳಕು ಹೆಚ್ಚು ಕಡಿಮೆ ಮಾಡುವ ಕೀಗಳು ಕೆಲಸ ಮಾಡುತ್ತವಾ? ಮುಚ್ಚಳ ಮುಚ್ಚಿ ತೆರೆದರೆ ಎದ್ದು ಕೂರುತ್ತಾ? ಹಳೆ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಕೊಡುವುದು ಮುಖ್ಯವಾಗಿ ವೈಫೈ, ಅದರಲ್ಲೂ ಬ್ರಾಡ್‌ಕಾಮ್ ಚಿಪ್ ಇದ್ದರೆ. ಅದರ ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ಡ್ರೈವರ್ ಬೇಕು. ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ, ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಮಿಂಟ್ ಅದನ್ನು ತಂತಿ ಇಂಟರ್ನೆಟ್ ಅಂತ ತಕ್ಷಣ ಗುರುತಿಸುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ್ದನ್ನು ಅದೇ ಸೂಚಿಸುತ್ತದೆ.

ಹಳೆ ಡಿಸ್ಕ್ ಇನ್ನೂ ಒಳಗಿರುವಾಗಲೇ ಒಮ್ಮೆ ಲೈವ್‌ನಲ್ಲಿ ಬೂಟ್ ಮಾಡಿ ಅದರ ಆರೋಗ್ಯವನ್ನೂ ನೋಡಿ. ಡಿಸ್ಕ್ಸ್ ಅನ್ನುವ ತಂತ್ರಾಂಶದಲ್ಲಿ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟ ಲೆಕ್ಕ, ಇರುತ್ತದೆ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಪೆಂಡಿಂಗ್ ಸೆಕ್ಟರ್ ಅನ್ನುವ ಎರಡು ಸಾಲು ಮುಖ್ಯ. ಸೊನ್ನೆ ಇದ್ದರೆ ಒಳ್ಳೆಯದು. ಪೆಂಡಿಂಗ್‌ನಲ್ಲಿ ಸೊನ್ನೆಗಿಂತ ಜಾಸ್ತಿ ಇದ್ದರೆ ಆ ಡಿಸ್ಕ್‌ನ ಕೆಲವು ಜಾಗ ಓದಲು ಆಗುತ್ತಿಲ್ಲ ಅಂತ ಅರ್ಥ. ಬೇರೆಲ್ಲ ಕೆಲಸ ಬದಿಗಿಟ್ಟು ಮೊದಲು ತಂದೆಯವರ ಫೈಲ್‌ಗಳನ್ನು ಹೊರಗೆ ತೆಗೆಯಿರಿ. ಹೊಸ ರ‍್ಯಾಮ್ ಹಾಕಿದ್ದರೆ ಬೂಟ್ ಪಟ್ಟಿಯಲ್ಲಿರುವ ಮೆಮೊರಿ ಟೆಸ್ಟನ್ನು ಒಂದು ಸುತ್ತಾದರೂ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಆ ರ‍್ಯಾಮ್ ವಾಪಸ್ ಕೊಡಿ. ಕೆಟ್ಟ ರ‍್ಯಾಮ್‌ನಿಂದ ಆಗುವ ತೊಂದರೆಯನ್ನು ಜನ ಲಿನಕ್ಸ್‌ನ ತಲೆಗೆ ಕಟ್ಟುತ್ತಾರೆ.

ಇನ್‌ಸ್ಟಾಲ್ ಮಾಡುವ ದಿನ ಕರೆಂಟ್ ಹೋಗುವ ಹೊತ್ತು ನೋಡಿಕೊಳ್ಳಿ. ಇಷ್ಟು ಹಳೆ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತೇ ಹೋಗಿರುತ್ತದೆ. ಯುಪಿಎಸ್ ಇಲ್ಲದಿದ್ದರೆ ಮಳೆ ಗುಡುಗು ಇಲ್ಲದ ದಿನ ಶುರು ಮಾಡಿ. ಹೊಸ ಎಸ್‌ಎಸ್‌ಡಿ ಒಂದೇ ಒಳಗಿದ್ದರೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಪೂರ್ತಿ ಅಳಿಸಿ ಹಾಕು ಅನ್ನುವ ಆಯ್ಕೆ ಧೈರ್ಯವಾಗಿ ಆರಿಸಬಹುದು. ಆ ಪರದೆಯಲ್ಲಿ ಡಿಸ್ಕ್‌ನ ಗಾತ್ರ ಓದಿ, ಅದು ಎಸ್‌ಎಸ್‌ಡಿಯೇ, ಪೆನ್ ಡ್ರೈವ್ ಅಲ್ಲ ಅಂತ ಖಚಿತ ಮಾಡಿಕೊಳ್ಳಿ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೋ ಓಡಿಸಲು ಬೇಕಾದ ತಂತ್ರಾಂಶ) ಬೇಕಾ ಅಂತ ಕೇಳಿದಾಗ ಟಿಕ್ ಹಾಕಿ. ಡಿಸ್ಕ್ ಎನ್‌ಕ್ರಿಪ್ಶನ್ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವುದು) ನಿಮ್ಮ ಯಂತ್ರಕ್ಕೆ ನಾನು ಹೇಳುವುದಿಲ್ಲ. ಆ ಕಾಲದ ಲ್ಯಾಪ್‌ಟಾಪ್ ಐ3ಗಳಲ್ಲಿ ಅದಕ್ಕೆ ಬೇಕಾದ ಎಇಎಸ್ ಲೆಕ್ಕವನ್ನು ವೇಗವಾಗಿ ಮಾಡುವ ಏರ್ಪಾಡು ಇಲ್ಲ, ಹಾಗಾಗಿ ನಿಧಾನವಾಗುತ್ತದೆ.

ಎಸ್‌ಎಸ್‌ಡಿ ಈಗ ಬೇಡ, ಇರುವ ಡಿಸ್ಕ್‌ನಲ್ಲೇ ಎರಡೂ ಇರಲಿ ಅನ್ನುವುದಾದರೆ ಆಗುತ್ತದೆ. ಆದರೆ ಎಚ್ಚರ ಜಾಸ್ತಿ ಬೇಕು. ಮೊದಲು ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಡಿಸ್ಕ್ ಅರ್ಧ ತೆರೆದ ಸ್ಥಿತಿಯಲ್ಲಿರುತ್ತದೆ. ಸಿ ಡ್ರೈವ್ ಚಿಕ್ಕದು ಮಾಡುವ ಕೆಲಸ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಆಗಲಿ. ಇನ್ನೊಂದು ಬಲೆ ಇದೆ. ಎಂಬಿಆರ್ ಡಿಸ್ಕ್‌ನಲ್ಲಿ ಪ್ರೈಮರಿ ಪಾರ್ಟಿಷನ್ ನಾಲ್ಕೇ ಇರಬಹುದು. ಕಂಪನಿಯವರು ರಿಕವರಿ, ಟೂಲ್ಸ್ ಅಂತ ಮಾಡಿ ನಾಲ್ಕನ್ನೂ ಬಳಸಿಬಿಟ್ಟಿರುವುದುಂಟು. ಆಗ ಖಾಲಿ ಜಾಗ ಎಷ್ಟಿದ್ದರೂ ಇನ್‌ಸ್ಟಾಲರ್ ಅದನ್ನು ಬಳಸಲಾಗದು ಅಂತ ತೋರಿಸುತ್ತದೆ. ವಿಂಡೋಸ್‌ನಿಂದ ಐದನೆಯದು ಮಾಡಲು ಹೋದರೆ, ಡೈನಾಮಿಕ್ ಡಿಸ್ಕ್ ಮಾಡಲಾ ಅಂತ ಕೇಳುತ್ತದೆ. ಒಪ್ಪಬೇಡಿ. ಒಪ್ಪಿದರೆ ವಾಪಸ್ ಬರುವ ದಾರಿ ತುಂಬಾ ಕಷ್ಟ. ಅಲ್ಲಿಗೇ ನಿಲ್ಲಿಸಿ, ಎಸ್‌ಎಸ್‌ಡಿ ತರುವ ಯೋಚನೆ ಮಾಡಿ.

ಹಾಕಿದ ಮೇಲೆ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಮುಂದೆ ತೋರಿಸಿದರೆ ಗಾಬರಿ ಬೇಡ. ಯಂತ್ರದೊಳಗಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸ್ಥಳೀಯ ಸಮಯ ಬರೆದಿರುತ್ತದೆ, ಲಿನಕ್ಸ್ ಅದನ್ನು ಗ್ರೀನ್‌ವಿಚ್ ಸಮಯ ಅಂದುಕೊಂಡು ಮತ್ತೆ ಐದೂವರೆ ಸೇರಿಸುತ್ತದೆ. ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಸರಿಯಾಗುತ್ತದೆ. ಪ್ರತಿ ಸಲ ಆನ್ ಮಾಡಿದಾಗ ತಾರೀಕೇ ಹತ್ತಾರು ವರ್ಷ ಹಿಂದೆ ಹೋಗುತ್ತಿದ್ದರೆ ಅದು ಬೇರೆ ಕಥೆ. ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಮುಗಿದಿದೆ. ತಾರೀಕು ತಪ್ಪಿದ್ದರೆ ಬ್ರೌಸರ್ ತಾಣಗಳನ್ನು ಅಪಾಯಕಾರಿ ಅಂತ ತಡೆಯುತ್ತದೆ, ಅಪ್‌ಡೇಟ್ ಕೂಡ ಎಡವುತ್ತದೆ. ಹೆಚ್ಚಾಗಿ ಅದು ಸಿಆರ್2032 ಸೆಲ್, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಡಿಸ್ಕ್ ಬದಲಿಸುವಾಗಲೇ ಇದನ್ನೂ ಬದಲಿಸಿಬಿಡಿ.

ಮೊದಲ ದಿನ ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಡೌನ್‌ಲೋಡ್ ನಿಧಾನ ಅನಿಸಿದರೆ ಅದರಲ್ಲೇ ಹತ್ತಿರದ ಮಿರರ್ (ಅದೇ ಫೈಲ್‌ಗಳ ನಕಲು ಇರುವ ಸರ್ವರ್) ಆರಿಸಬಹುದು. ಟೈಮ್‌ಶಿಫ್ಟ್ ಆನ್ ಮಾಡಿ. ಯಾವುದಾದರೂ ಅಪ್‌ಡೇಟ್ ಕೈಕೊಟ್ಟರೆ ಹಿಂದಿನ ದಿನದ ವ್ಯವಸ್ಥೆಗೆ ಮರಳಬಹುದು. ಅದು ಉಳಿಸುವುದು ವ್ಯವಸ್ಥೆಯ ಫೈಲ್‌ಗಳನ್ನು ಮಾತ್ರ. ಮಗಳ ನೋಟ್ಸ್‌ಗೆ ಬೇರೆ ಬ್ಯಾಕಪ್ ಬೇಕೇ ಬೇಕು. ಫೈರ್‌ವಾಲ್ ಕೂಡ ಆನ್ ಮಾಡಿ. ಆಮೇಲೆ ಅದರ ಪಾಡಿಗೆ ಬಿಡಿ. ಸ್ಥಿರವಾದ ಲಿನಕ್ಸ್ ಕೆಡುವುದು ಹೆಚ್ಚಾಗಿ ಎಲ್ಲಿಂದಲೋ ತಂದ ಆಜ್ಞೆಗಳನ್ನು ಅರ್ಥವಾಗದೆ ಟರ್ಮಿನಲ್‌ಗೆ ಅಂಟಿಸಿದಾಗ, ಹೊರಗಿನ ಪಿಪಿಎಗಳನ್ನು (ಬೇರೆಯವರು ನಡೆಸುವ ತಂತ್ರಾಂಶ ಭಂಡಾರಗಳನ್ನು) ಸೇರಿಸಿದಾಗ. ಬೇಕಾದ ತಂತ್ರಾಂಶ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಇದೆಯಾ ಅಂತ ಮೊದಲು ನೋಡಿ. ಬಹುತೇಕ ಇರುತ್ತದೆ.

ಪಾಠದ ವಿಡಿಯೋ ತಡೆತಡೆದು ಬಂದರೆ ಕಾರಣ ಇದು. ಯೂಟ್ಯೂಬ್ ಈಗ ಸಾಮಾನ್ಯವಾಗಿ ವಿಪಿ9 ಅಥವಾ ಎವಿ1 ರೂಪದಲ್ಲಿ ವಿಡಿಯೋ ಕಳಿಸುತ್ತದೆ. ನಿಮ್ಮ ಐ3ಯ ಗ್ರಾಫಿಕ್ಸ್‌ಗೆ ಗೊತ್ತಿರುವುದು ಅದಕ್ಕಿಂತ ಹಳೆಯ ಎಚ್.264. ಎಚ್264ಇಫೈ ಅನ್ನುವ ಬ್ರೌಸರ್ ವಿಸ್ತರಣೆ ಹಾಕಿದರೆ ಅದೇ ರೂಪ ಬರುತ್ತದೆ, ಪ್ರೊಸೆಸರ್ ಮೇಲಿನ ಭಾರ ಇಳಿಯುತ್ತದೆ. 480 ಅಥವಾ 720ರಲ್ಲಿ ನೋಡಿದರೆ ಆರಾಮವಾಗಿ ಓಡುತ್ತದೆ.

ಈಗ ತಂದೆಯವರ ಬರಹಗಳು. ಹಳೆ ನುಡಿಯಲ್ಲಿ ಟೈಪ್ ಮಾಡಿದ್ದು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಸಂಕೇತ, ಆಗಿರುವುದಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದೆ ಲಿಬ್ರೆ ಆಫೀಸ್‌ನಲ್ಲಿ (ವರ್ಡ್‌ನಂಥ ಉಚಿತ ತಂತ್ರಾಂಶ) ತೆರೆದರೆ ಬರೀ ಗಜಿಬಿಜಿ ಕಾಣುತ್ತದೆ. ಫೈಲ್ ಹಾಳಾಗಿದೆ ಅಂತ ಅಳಿಸಿಬಿಟ್ಟವರಿದ್ದಾರೆ, ಅದು ನೋವಿನ ಸಂಗತಿ. ಎತ್ತಿಟ್ಟುಕೊಂಡ ನುಡಿ ಫಾಂಟ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ಲಿಬ್ರೆ ಆಫೀಸ್ ಮುಚ್ಚಿ ತೆರೆಯಿರಿ, ಕನ್ನಡ ಕಾಣುತ್ತದೆ. ಕೂಡಲೇ ಒಂದು ಪಿಡಿಎಫ್ ಪ್ರತಿ ಮಾಡಿಟ್ಟುಕೊಳ್ಳಿ. ಬಿಡುವಾದಾಗ ಆಸ್ಕಿ ಅಂತ ಕರೆಯುವ ಆ ಹಳೆ ಸಂಕೇತದಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ. ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಗುತ್ತದೆ. ಮೂಲ ಫೈಲ್ ಮಾತ್ರ ಅಳಿಸಬೇಡಿ.

ಮಗಳಿಗೆ ಹೊಸದಾಗಿ ಕನ್ನಡ ಟೈಪ್ ಮಾಡಲು ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಐಬಸ್ ಆಯ್ಕೆಗಳಲ್ಲಿ ಕನ್ನಡದ ಕೆಳಗೆ ಕೆಜಿಪಿ ಅನ್ನುವ ಕೀಲಿಮಣೆ ವಿನ್ಯಾಸ ಇರುತ್ತದೆ. ನುಡಿ ಕೀಲಿಮಣೆ ಬಲ್ಲವರಿಗೆ ಅದು ಹೊಸದೇನೂ ಅನಿಸುವುದಿಲ್ಲ. ಅಕ್ಷರರೂಪಕ್ಕೆ ನೋಟೋ ಜೊತೆಗೆ ಗುಬ್ಬಿ, ನವಿಲು ಫಾಂಟ್‌ಗಳೂ ಪ್ಯಾಕೇಜ್ ರೂಪದಲ್ಲೇ ಸಿಗುತ್ತವೆ.

ಮನೆಯಲ್ಲಿ ಪ್ರಿಂಟರ್ ಇದ್ದರೆ ಅದನ್ನೂ ಲೈವ್‌ನಲ್ಲೇ ಜೋಡಿಸಿ ನೋಡಿ. ಎಚ್‌ಪಿಯ ಬಹುತೇಕ ಮಾದರಿಗಳು ತೊಂದರೆ ಇಲ್ಲದೆ ನಡೆಯುತ್ತವೆ. ಕ್ಯಾನನ್ ಎಲ್‌ಬಿಪಿ 2900 ನಮ್ಮ ಕಡೆ ತುಂಬಾ ಮನೆ, ಅಂಗಡಿಗಳಲ್ಲಿದೆ. ಅದು ಕ್ಯಾಪ್ಟ್ ಅನ್ನುವ ತನ್ನದೇ ಭಾಷೆಯಲ್ಲಿ ಮಾತಾಡುವುದರಿಂದ ಲಿನಕ್ಸ್‌ನಲ್ಲಿ ಕೂರಿಸಲು ಕಷ್ಟ ಪಡಬೇಕು. ನಿಮ್ಮ ಪ್ರಿಂಟರ್‌ನ ಮಾದರಿ, ಮತ್ತು ಲೈವ್‌ನಲ್ಲಿ ವೈಫೈ ಕಾಣದೇ ಹೋದರೆ ಸಿಸ್ಟಂ ರಿಪೋರ್ಟ್‌ನಲ್ಲಿ ನೆಟ್‌ವರ್ಕ್ ಅಂತ ಇರುವ ಸಾಲು, ಇವೆರಡನ್ನು ಬರೆದು ಕಳಿಸಿ. ಅವಕ್ಕೆ ಬೇಕಾದ ಡ್ರೈವರ್ ಯಾವುದು ಅಂತ ಹುಡುಕಿ ತಿಳಿಸುತ್ತೇನೆ.